ಲೆಕ್ಕಕ್ಕೆ ಬಾರದ ಕೈ

ಮಳವಳ್ಳಿಯಲ್ಲಿ ಸಾಹುಕಾರ ಪುಟ್ಟಮಾದಯ್ಯನವರು ತೀರಿಹೋದ ಮಗಳ ಹೆಸರಿನಲ್ಲಿ ಹೆರಿಗೆ ಮನೆ ಕಟ್ಟಿಸಿದಾಗ ಅದರೊಳಗೆ ಕಾಲಿಡುವ ಬಸುರಿಯರೇ ಇರಲಿಲ್ಲ. ನಡೆದುಕೊಂಡು ಹೋದವರು ಹೆಗಲ ಮೇಲೆ ಬರುತ್ತಾರೆ ಎಂಬ ಮಾತು ಸುತ್ತಿನ ಹಳ್ಳಿಗಳಲ್ಲಿ ಹಬ್ಬಿತ್ತು. ಮೈಸೂರಿನಲ್ಲಿ ಓದಿ ಬಂದ ಡಾಕ್ಟರ್ ಜಯಲಕ್ಷ್ಮಮ್ಮನಿಗೆ ಮೊದಲ ಆರು ತಿಂಗಳು ಖಾಲಿ ಮಂಚಗಳನ್ನು ಒರೆಸಿಡಿಸುವುದೇ ಕೆಲಸವಾಯಿತು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಓದನ್ನೇ ಗಟ್ಟಿಯಾಗಿ ಹಿಡಿದವಳು ಅವಳು. ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಒಂದು ದಿನ ಗಾಡಿ ಕಟ್ಟಿಸಿಕೊಂಡು ಬೆಳಕವಾಡಿಗೆ ಹೋಗಿ, ಆ ಸೀಮೆಯ ಅರ್ಧ ಮಕ್ಕಳನ್ನು ತನ್ನ ಮಡಿಲಿಗೆ ಹಾಕಿಕೊಂಡಿದ್ದ ಸೂಲಗಿತ್ತಿ ಚಿಕ್ಕಬೋರಮ್ಮನ ಮುಂದೆ ಕುಳಿತಳು.

"ನೀವು ನನ್ನ ಜೊತೆ ಬನ್ನಿ. ನೀವು ಬಂದರೆ ಜನ ಬರುತ್ತಾರೆ."

ಚಿಕ್ಕಬೋರಮ್ಮ ಎಲೆ ಅಡಿಕೆ ಉಗಿದು ಬಂದು ಕೇಳಿದಳು: "ನಿಮ್ಮನೇಲಿ ನಂಗೇನವ್ವ ಕೆಲಸ?"

"ಇಲ್ಲಿ ಮಾಡೋದನ್ನೇ. ಕೈ ಮಾತ್ರ ನಾನು ಹೇಳಿದ ಹಾಗೆ ತೊಳೀಬೇಕು."

ಚಿಕ್ಕಬೋರಮ್ಮ ಬಂದಳು. ಅವಳ ಹಿಂದೆ ಹಳ್ಳಿಗಳೂ ಬಂದವು. ಬೆಳಕವಾಡಿಯ ಒಕ್ಕಲು ಹೆಂಗಸರು, ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸುವ ಮನೆಯ ನೌಕರರ ಹೆಂಡಿರು, ಪೇಟೆ ಬೀದಿಯ ಸಾಬರ ಮನೆಯವರು, ಎಲ್ಲರೂ. ಸುಲಭದ ಹೆರಿಗೆಗಳನ್ನು ಚಿಕ್ಕಬೋರಮ್ಮನೂ ನರ್ಸ್ ಸುಲ್ತಾನ್ ಬೀಯೂ ನೋಡಿಕೊಳ್ಳುತ್ತಿದ್ದರು. ಮಗು ಅಡ್ಡ ನಿಂತರೆ, ನೋವು ಎರಡು ದಿನ ಎಳೆದರೆ, ಡಾಕ್ಟರ್ ಇಕ್ಕಳ ಹಿಡಿದು ಒಳಗೆ ಬರುತ್ತಿದ್ದಳು. ಆ ಮೊದಲ ಪೂರ್ತಿ ವರ್ಷದಲ್ಲಿ ಜ್ವರಕ್ಕೆ ತುತ್ತಾದ ಬಾಣಂತಿ ಒಬ್ಬಳೇ. ಅವಳೂ ಉಳಿದುಕೊಂಡಳು.

ಯುದ್ಧ ಶುರುವಾದ ಮರುವರ್ಷ, ಆಷಾಢದ ಗಾಳಿಯಲ್ಲಿ ಊರಿಗೆಲ್ಲ ನೆಗಡಿ, ಕೆಮ್ಮು. ಜಯಲಕ್ಷ್ಮಮ್ಮನೂ ಗಂಟಲು ಕಟ್ಟಿ ಒಂದು ವಾರ ಮೆಣಸಿನ ಕಷಾಯ ಕುಡಿದು ಎದ್ದಳು. ಅದಾದ ಮೇಲೆ ಶಿವನಸಮುದ್ರದ ಒಬ್ಬ ಮೇಸ್ತ್ರಿಯ ಹೆಂಡತಿ ಹೆತ್ತಳು. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿದು ಮಗುವಿಗೆ ಹಾಲೂಡಿಸಿದವಳು ಮಧ್ಯಾಹ್ನಕ್ಕೆ ಕಂಬಳಿ ಹೊದ್ದು ನಡುಗಿದಳು. ಸಂಜೆಗೆ ಹೊಟ್ಟೆ ಉಬ್ಬಿತು. ಕಣ್ಣು ಫಳಫಳ ಹೊಳೆಯತೊಡಗಿತು. ಅವಳು ನಗುನಗುತ್ತ ಗೋಡೆಯ ಜೊತೆ ಮಾತಾಡಿದಳು. "ಬಾಣಂತಿ ಸನ್ನಿ," ಎಂದಷ್ಟೇ ಹೇಳಿ ಚಿಕ್ಕಬೋರಮ್ಮ ಕೂಸನ್ನು ಎತ್ತಿ ಬೇರೆ ಕೋಣೆಗೆ ಒಯ್ದಳು. ಐದನೆಯ ದಿನ ಮೇಸ್ತ್ರಿ ಬಂದು ಹೆಣ ತೆಗೆದುಕೊಂಡು ಹೋದ.

ಒಂದು ಸಾವು ಎಲ್ಲಿಯೂ ಆಗುತ್ತದೆ. ಆದರೆ ಅದು ಮತ್ತೆ ಬಂತು. ಹದಿನೈದು ದಿನ ಸುಮ್ಮನಿದ್ದು ಒಬ್ಬಳನ್ನು ಹಿಡಿಯಿತು, ಆಮೇಲೆ ಒಂದೇ ವಾರದಲ್ಲಿ ಇಬ್ಬರನ್ನು. ಗೋಡೆಗೆ ಸುಣ್ಣ ಹೊಡೆಸಿದರು, ಚಾಪೆ ಸುಟ್ಟರು, ಬಾವಿಯ ನೀರು ತೋಡಿ ಹೊರಗೆ ಚೆಲ್ಲಿಸಿದರು. ಜ್ವರ ಇದ್ಯಾವುದನ್ನೂ ಲೆಕ್ಕಿಸಲಿಲ್ಲ. ದೀಪಾವಳಿಯ ಹೊತ್ತಿಗೆ ಹೆತ್ತ ಮೂರನೆಯ ದಿನ ಎಂದರೆ ಮನೆಯವರ ಮುಖ ಕಪ್ಪಿಡುತ್ತಿತ್ತು. ಥರ್ಮಾಮೀಟರು ಹಿಡಿದು ಬರುವ ಸುಲ್ತಾನ್ ಬೀಯನ್ನು ಕಂಡರೆ ಬಾಣಂತಿಯರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಜಯಲಕ್ಷ್ಮಮ್ಮ ಒಂದು ಭಾನುವಾರ ಹೆರಿಗೆಯ ರಿಜಿಸ್ಟರು ತೆಗೆದು ಕುಳಿತಳು. ಜ್ವರ ಬಂದವರು ಹತ್ತು ಮಂದಿ. ಯಾವ ಮಂಚ, ಯಾವ ಊರು, ಯಾರು ಜೊತೆಗಿದ್ದರು ಎಂದು ಒಂದೊಂದಾಗಿ ಬರೆದಳು. ಮಂಚ ಬೇರೆ ಬೇರೆ, ಊರು ಬೇರೆ ಬೇರೆ. ಆದರೆ ಹತ್ತರಲ್ಲಿ ಒಂಬತ್ತು ಹೆರಿಗೆಯಲ್ಲಿ ಕೋಣೆಯಲ್ಲಿದ್ದವಳು ಚಿಕ್ಕಬೋರಮ್ಮ. ಆ ಅಂಕಿಯನ್ನು ಕಂಡಾಗ ಅವಳಿಗೆ ಒಳಗೆಲ್ಲೋ ಒಂದು ಬಗೆಯ ನಿರಾಳವಾಯಿತು. ಪುಸ್ತಕಗಳು ಹೇಳುವುದೂ ಇದನ್ನೇ ಅಲ್ಲವೆ? ಓದುಬರಹ ಇಲ್ಲದ ಸೂಲಗಿತ್ತಿಯ ಕೈ, ಉಗುರಿನ ಸಂದಿಯ ಕೊಳೆ. ಉಳಿದ ಆ ಒಬ್ಬಳ ಬಟ್ಟೆಯನ್ನಾದರೂ ಇವಳು ಮುಟ್ಟಿರಬೇಕು.

ಮರುದಿನ ಚಿಕ್ಕಬೋರಮ್ಮನನ್ನು ಕರೆದಳು.

"ಬೋರಮ್ಮ, ನಾಳೆಯಿಂದ ನೀವು ಬರೋದು ಬೇಡ."

"ಯಾಕವ್ವ? ಏನ್ ತಪ್ಪಾಯ್ತು ನನ್ನಿಂದ?"

"ತಪ್ಪು ಅಂತಲ್ಲ. ಜ್ವರ ಬಂದವರಿಗೆಲ್ಲ ನಿಮ್ಮ ಕೈ ತಗುಲಿದೆ. ಲೆಕ್ಕ ಹಾಗೆ ಹೇಳ್ತಿದೆ."

ಚಿಕ್ಕಬೋರಮ್ಮ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ನೀವು ಯೋಳ್ದಂಗೇ ತೊಳೀತಿದ್ನಲ್ಲವ್ವ. ಬಿಸಿನೀರು, ಸೋಪು, ಆ ಕೆಂಪ್ನೀರು. ಉಗುರು ಕಚ್ಚಾಕಂಡಂಗೆ ಕತ್ತರಿಸ್ಕಂಡಿವ್ನಿ, ನೋಡಿ." ಕೈ ಇಳಿಸಿ, "ಲೆಕ್ಕ ನಂಗೆ ಬರಾಕಿಲ್ಲ. ಓದ್ದೋರು ಯೋಳ್ತಿದ್ದೀರಿ. ಇದ್ರೂ ಇರ್ಬೈದು," ಎಂದು ಸೆರಗು ಹೊದ್ದು ಹೊರಟಳು.

ಬಸ್ಸಿಗಿಂತ ಮುಂಚೆ ಸುದ್ದಿ ಬೆಳಕವಾಡಿ ಸೇರಿತ್ತು. ಚಿಕ್ಕಬೋರಮ್ಮ ಮನೆ ಬಾಗಿಲು ತೆಗೆಯುವಾಗ ಎದುರು ಮನೆಯ ಬಸುರಿ ಸೊಸೆಯನ್ನು ಅತ್ತೆ ತೋಳು ಹಿಡಿದು ಒಳಗೆ ಎಳೆದುಕೊಂಡಳು.

ಆಮೇಲೆ ಐದಾರು ವಾರ ಹೆರಿಗೆ ಮನೆ ತಣ್ಣಗಿತ್ತು. ಸಾಹುಕಾರರು ತಾವೇ ಬಂದು, "ಮುಳ್ಳು ಕಿತ್ತಾಕಿದ್ರಿ ಬುಡಿ," ಎಂದು ಹೊಗಳಿ ಹೋದರು. ಜಯಲಕ್ಷ್ಮಮ್ಮ ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದಳು. ಆಗ ಬೆಳಕವಾಡಿಯ ಮಲ್ಲಿಗಮ್ಮ ಬಂದಳು. ಚೊಚ್ಚಲು, ಹತ್ತೊಂಬತ್ತರ ಹುಡುಗಿ, ನೋವಿನ ನಡುವೆಯೂ ನಗಿಸುವವಳು. ಮಗುವಿನ ತಲೆ ಸಿಕ್ಕಿಕೊಂಡಿತು, ಡಾಕ್ಟರ್ ಇಕ್ಕಳ ಹಾಕಿ ಗಂಡು ಮಗು ತೆಗೆದಳು. "ನಿಮ್ಮೆಸ್ರೇ ಇಕ್ಕನ ಅಂದ್ರೆ ಗಂಡಾಯ್ತಲ್ಲಾ ಡಾಕ್ಟ್ರವ್ವ," ಎಂದು ಮಲ್ಲಿಗಮ್ಮ ನಕ್ಕಳು. ಮೂರನೆಯ ದಿನ ಮಧ್ಯಾಹ್ನ ಅವಳಿಗೆ ಚಳಿ ಬಂತು.

ಸಾಯುವ ಮುಂಚೆ ಮಲ್ಲಿಗಮ್ಮ ಯಾರನ್ನೋ ಕರೆದು ಕರೆದು ಒಳಗೆ ಕೂರಿಸುತ್ತಿದ್ದಳು. "ಬಾಗ್ಲಲ್ಲೇ ನಿಂತವ್ರೆ, ಒಳೀಕೆ ಕರೀರಿ," ಎಂದು ಡಾಕ್ಟರ್ ನಿಂತ ಕಡೆಗೇ ಬೆರಳು ತೋರಿಸಿದಳು. ಜಯಲಕ್ಷ್ಮಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ.

ಚಿಕ್ಕಬೋರಮ್ಮ ಇಲ್ಲದೆಯೇ ಜ್ವರ ಬಂದಿತ್ತು. ಅವಳ ಕೈಯ ಕೊಳೆ ಮನೆಯಲ್ಲೇ ಎಲ್ಲೋ ಉಳಿದಿರಬೇಕು ಎಂದು ಮನಸ್ಸು ಇನ್ನೂ ಹೇಳುತ್ತಿತ್ತು. ಇನ್ನು ರಿಜಿಸ್ಟರು ತಿರುವಿ ಪ್ರಯೋಜನವಿಲ್ಲ, ಬೇರೆ ಊರಿನವರು ಇದನ್ನು ಹೇಗೆ ಹಿಡಿದರು ಎಂದು ಹುಡುಕಬೇಕು ಎನ್ನಿಸಿತು. ಮದ್ದೂರಿನ ಡಾಕ್ಟರರನ್ನು ಎರಡು ವಾರದ ಮಟ್ಟಿಗೆ ಬಂದು ನೋಡಿಕೊಳ್ಳುವಂತೆ ಕೇಳಿಕೊಂಡು ಮೈಸೂರಿನ ಬಸ್ಸು ಹತ್ತಿದಳು.

ವೈದ್ಯಕೀಯ ಕಾಲೇಜಿನ ಪುಸ್ತಕ ಭಂಡಾರದಲ್ಲಿ ವಿಷಯಸೂಚಿಯ ದಪ್ಪ ಸಂಪುಟಗಳಿದ್ದವು. ಯುದ್ಧದ ಹಡಗುಗಳ ಗಲಾಟೆಯಲ್ಲಿ ಹೊಸ ಪತ್ರಿಕೆಗಳು ಬಂದಿರಲಿಲ್ಲ, ಹಳೆಯವು ಬೇಕಾದಷ್ಟಿದ್ದವು. ಬಾಣಂತಿ ಜ್ವರದ ತಲೆಬರಹದ ಕೆಳಗೆ ಪುಟಗಟ್ಟಲೆ ಲೇಖನಗಳು. ಒಬ್ಬ ಚರಂಡಿಯ ಗಾಳಿ ಎಂದಿದ್ದ, ಒಬ್ಬ ಮಲಬದ್ಧತೆ ಎಂದಿದ್ದ. ಸೂಲಗಿತ್ತಿಯರ ಅಜ್ಞಾನ ಎಂದವರೇ ಹೆಚ್ಚು. ಅಂಥವನ್ನು ಆರಿಸಿ ಆರಿಸಿ ಬರೆದುಕೊಂಡು, ಸಂಜೆ ತನ್ನ ಹಳೆಯ ಪ್ರೊಫೆಸರರ ಮನೆಗೆ ಹೋದಳು. ನಿವೃತ್ತರಾಗಿದ್ದ ಅವರು ತೋಟದಲ್ಲಿ ಕುರ್ಚಿ ಹಾಕಿಸಿ, ಎಲ್ಲವನ್ನೂ ಕೇಳಿದರು.

"ಜ್ವರ ಬಂದ ಹತ್ತರಲ್ಲಿ ಒಂಬತ್ತು ಕಡೆ ಆ ಸೂಲಗಿತ್ತಿ ಇದ್ದಳು ಅಂದಿರಿ. ಸರಿ. ಜ್ವರ ಬಾರದವರಲ್ಲಿ?"

ಜಯಲಕ್ಷ್ಮಮ್ಮ ಬರೆದುಕೊಂಡಿದ್ದ ಹಾಳೆಗಳನ್ನು ತಿರುವಿದಳು.

"ಎಣಿಸಲಿಲ್ಲವೆ?"

"ಇಲ್ಲ ಸಾರ್. ಅವರಿಗೆ ಏನೂ ಆಗಿರಲಿಲ್ಲವಲ್ಲ."

"ನಿಮ್ಮ ಮಂಡ್ಯದ ಕಡೆ ಸತ್ತವರನ್ನೆಲ್ಲ ಎಣಿಸಿ ನೋಡಿ, ಎಲ್ಲರೂ ರಾಗಿ ಮುದ್ದೆ ತಿಂದವರೇ. ಹಾಗಂತ ಮುದ್ದೆ ಕೊಂದಿತು ಅನ್ನೋಣವೆ? ಬದುಕಿರೋರು ಏನು ತಿಂತಿದಾರೆ ಅಂತ ಕೇಳಬೇಡವೆ?"

ರಿಜಿಸ್ಟರಿನ ನಕಲು ಚೀಲದಲ್ಲೇ ಇತ್ತು. ಅಲ್ಲೇ ಕೂತು ಎಣಿಸಿದಳು. ಸೂಲಗಿತ್ತಿಯನ್ನು ಕಳಿಸುವವರೆಗೆ ಆ ವರ್ಷ ಆದ ಹೆರಿಗೆ ಸುಮಾರು ಇನ್ನೂರು. ಅದರಲ್ಲಿ ನೂರ ಎಂಬತ್ತರಲ್ಲಿ ಚಿಕ್ಕಬೋರಮ್ಮ ಇದ್ದಳು. ಹತ್ತಕ್ಕೆ ಒಂಬತ್ತು. ಜ್ವರ ಬಂದವರಲ್ಲಿ ಎಷ್ಟೋ, ಬಾರದವರಲ್ಲಿಯೂ ಅಷ್ಟೇ. ಆ ಲೆಕ್ಕ ಏನನ್ನೂ ಹೇಳಿರಲಿಲ್ಲ. ಒಬ್ಬ ಹೆಂಗಸನ್ನು ಊರ ಮುಂದೆ ಕೊಲೆಗಾತಿಯಂತೆ ನಿಲ್ಲಿಸಿದ್ದು ಬರೀ ಅರ್ಧ ಲೆಕ್ಕ.

"ಹಾಗಾದರೆ ಅವಳನ್ನು ಕಳಿಸಿದ ಮೇಲೆ ಐದಾರು ವಾರ ಜ್ವರ ಇರಲಿಲ್ಲವಲ್ಲ ಸಾರ್?"

"ಅದಕ್ಕೆ ಮುಂಚೆಯೂ ಹದಿನೈದು ದಿನ, ಮೂರು ವಾರ ಬಿಟ್ಟು ಬಿಟ್ಟು ಬರ್ತಿತ್ತು ಅಂದಿರಲ್ಲ. ಬಿಡುವು ಕೊಡೋದು ಅದರ ಗುಣ. ನೀವು ಅದಕ್ಕೆ ಕಾರಣ ಅಂಟಿಸಿದಿರಿ." ಪ್ರೊಫೆಸರರು ಕನ್ನಡಕ ತೆಗೆದರು. "ನಾಳೆ ಪುಸ್ತಕ ಭಂಡಾರಕ್ಕೆ ಹೋದಾಗ ನಿಮಗೆ ಇಷ್ಟವಾದದ್ದನ್ನು ಹೇಳುವ ಲೇಖನ ಹುಡುಕಬೇಡಿ, ಅದು ತಾನಾಗೇ ಸಿಗುತ್ತೆ. ಎಷ್ಟು ಜನರನ್ನು ನೋಡಿದಾರೆ, ಯಾರ ಜೊತೆ ಹೋಲಿಸಿದಾರೆ, ಅದನ್ನು ನೋಡಿ. ನಿಮ್ಮ ಊಹೆ ತಪ್ಪು ಅನ್ನೋ ಲೇಖನ ಯಾವುದಿದೆಯೋ ಅದನ್ನು ಮೊದಲು ಓದಿ."

ಮರುದಿನ ಓದುವಾಗ ಕಣ್ಣು ಬದಲಾಗಿತ್ತು. ಚರಂಡಿಯವನು ನೋಡಿದ್ದು ಆರು ಮಂದಿಯನ್ನು. ಮಲಬದ್ಧತೆಯವನು ಯಾರ ಜೊತೆಗೂ ಹೋಲಿಸಿರಲಿಲ್ಲ. ಸೂಲಗಿತ್ತಿಯರನ್ನು ಬೈದವರಲ್ಲಿ ಎಣಿಸಿದವರೇ ಕಡಿಮೆ. ಹೀಗೆ ಒಂದೊಂದನ್ನೇ ಬದಿಗಿಡುತ್ತ ಹೋದಾಗ, ನಾಲ್ಕೈದು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಅಚ್ಚಾಗಿದ್ದ ಒಂದು ಲೇಖನ ಕೈಗೆ ಬಂತು. ಅವರು ಜ್ವರ ಬಂದವರ ಬಳಿ ಇದ್ದವರ ಗಂಟಲನ್ನು ಮಾತ್ರವಲ್ಲ, ಜ್ವರ ಬಾರದವರ ಬಳಿ ಇದ್ದವರ ಗಂಟಲನ್ನೂ ಹತ್ತಿಯಲ್ಲಿ ಒರೆಸಿ ನೋಡಿದ್ದರು. ಜ್ವರದ ಬೀಜ ಎಷ್ಟೋ ಸಲ ಹೆರಿಗೆ ಮಾಡಿಸುವವರ ಗಂಟಲಿನಲ್ಲೇ ಇತ್ತು. ಅವರಿಗೆ ನೋವಿಲ್ಲ, ಜ್ವರವಿಲ್ಲ. ಎಂದೋ ಒಮ್ಮೆ ಗಂಟಲು ಕೆಟ್ಟು ವಾಸಿಯಾದವರು. ಕೈ ಎಷ್ಟು ತೊಳೆದರೂ, ಬಗ್ಗಿ ಮಾತಾಡಿದರೆ ಸಾಕು, ಉಗುಳಿನ ಹನಿಯಲ್ಲಿ ಅದು ದಾಟುತ್ತಿತ್ತು.

ಜಯಲಕ್ಷ್ಮಮ್ಮನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಆಷಾಢದ ಕಷಾಯದ ಖಾರ ನಾಲಿಗೆಯ ಮೇಲೆ ಬಂದಂತಾಯಿತು.

ಅವಳು ರಿಜಿಸ್ಟರಿನ ನಕಲನ್ನು ಮತ್ತೆ ತೆಗೆದಳು. ಯಾರು ಜೊತೆಗಿದ್ದರು ಎಂದು ಬರೆಯುವಾಗ ತನ್ನ ಹೆಸರನ್ನು ಅವಳು ಬರೆದೇ ಇರಲಿಲ್ಲ. ಡಾಕ್ಟರ್ ಇದ್ದೇ ಇರುತ್ತಾಳಲ್ಲ! ಈಗ ಬರೆದಳು. ಆ ವರ್ಷ ತಾನು ಒಳಗೆ ಹೋದ ಕಷ್ಟದ ಹೆರಿಗೆಗಳು ನಲವತ್ತರ ಹತ್ತಿರ; ಜ್ವರ ಬಂದವರಲ್ಲಿ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಅದರಲ್ಲೇ. ತಾನು ಕಾಲಿಡದ ನೂರ ಅರವತ್ತರಲ್ಲಿ ಒಬ್ಬಳು. ಕಷ್ಟದ ಹೆರಿಗೆಗೆ ಜ್ವರ ಬರುವುದು ಸಹಜವಲ್ಲವೆ ಎಂದು ಮನಸ್ಸು ವಾದಿಸಿತು. ಹಿಂದಿನ ವರ್ಷವೂ ಕಷ್ಟದವು ಅಷ್ಟೇ ಇದ್ದವು, ಇಕ್ಕಳವೂ ಇದೇ, ಆಗ ಜ್ವರ ಒಬ್ಬಳಿಗೆ. ವಾದ ಅಲ್ಲಿಗೆ ನಿಂತಿತು.

ಮಳವಳ್ಳಿಯಲ್ಲಿ ಬಸ್ಸಿಳಿದಾಗ ಸುಲ್ತಾನ್ ಬೀ ಬಾಗಿಲಲ್ಲೇ ನಗುತ್ತ ನಿಂತಿದ್ದಳು. "ಅಲ್ಲಾನ ದಯ ಅಮ್ಮಾವ್ರೇ, ನೀವು ಓದಾಗಿಂದ ಒಬ್ರಿಗೂ ಮೈ ಬೆಚ್ಚಗಾಗಿಲ್ಲ. ಮದ್ದೂರು ಡಾಕ್ಟ್ರು ಎರಡು ಇಕ್ಕಳದ ಎರಿಗೆ ಮಾಡುದ್ರು. ಇಬ್ರೂ ಎದ್ದು ಓಡಾಡ್ತಾವ್ರೆ."

ಎರಡು ಹೆರಿಗೆಯಿಂದ ಏನನ್ನೂ ಹೇಳಲಾಗದು ಎಂದು ಈಗ ಅವಳಿಗೆ ಗೊತ್ತಿತ್ತು. ಆದರೂ ಅವಳು ಹೊಸಿಲು ದಾಟಲಿಲ್ಲ. "ಸುಲ್ತಾನ್ ಬೀ, ಹತ್ತಿ ಕಡ್ಡಿ ತನ್ನಿ. ಇಲ್ಲಿಗೆ. ಎಲ್ಲರ ಗಂಟಲೂ ಒರೆಸಬೇಕು. ಮದ್ದೂರಿನವರಿಗೆ ಇನ್ನೊಂದು ವಾರ ಇರಿ ಅಂತ ಹೇಳಿ," ಎಂದು ಜಗಲಿಯ ಮೇಲೆಯೇ ಕುಳಿತಳು.

ಆ ಕಡ್ಡಿಗಳನ್ನು ತಾನೇ ಮೈಸೂರಿನ ಪ್ರಯೋಗಾಲಯಕ್ಕೆ ಒಯ್ದಳು. ಯಾರ ಹೆಸರನ್ನೂ ಕೊಡಲಿಲ್ಲ, ಬರೀ ಅಂಕಿ. ಮೂರು ದಿನ ಬಿಟ್ಟು ಅಲ್ಲಿಯ ಸಹಾಯಕ ಒಂದು ಗಾಜಿನ ತಟ್ಟೆ ಎತ್ತಿ ಬೆಳಕಿಗೆ ಹಿಡಿದ. ಕೆಂಪು ರಕ್ತದ ಪದರದ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಒಂದೊಂದರ ಸುತ್ತಲೂ ರಕ್ತ ಕರಗಿ ತಿಳಿಯಾದ ಬಳೆ.

"ಉಳಿದವೆಲ್ಲ ಶುದ್ಧ. ಇದೊಂದರಲ್ಲಿ ಎಷ್ಟು ಚೆನ್ನಾಗಿ ಬೆಳೆದಿದೆ ನೋಡಿ ಡಾಕ್ಟರೇ, ಸೂಕ್ಷ್ಮದರ್ಶಕದಲ್ಲಿ ಮಣಿಸರದ ಹಾಗೆ ಕಾಣುತ್ತೆ. ಒಂದನೇ ನಂಬರು. ಯಾರಪ್ಪ ಈ ಪುಣ್ಯಾತ್ಮ?"

"ನಾನು," ಎಂದಳು ಜಯಲಕ್ಷ್ಮಮ್ಮ.

ಹುಡುಗಾಟದ ನಗೆ ಮುಖದ ಮೇಲಿರುವಂತೆಯೇ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಆ ವಾರ ಅವಳು ಬೆಳಕವಾಡಿಗೆ ಹೋದಳು. ಚಿಕ್ಕಬೋರಮ್ಮನ ಅಂಗಳದಲ್ಲಿ ಹುಲ್ಲು ಬೆಳೆದಿತ್ತು. ಡಾಕ್ಟರ್ ಒಳಗೆ ಹೋಗದೆ ಅಂಗಳದಲ್ಲೇ ನಿಂತು, ಮುಖಕ್ಕೆ ಸೆರಗು ಮುಚ್ಚಿಕೊಂಡು, ನಡೆದದ್ದನ್ನು ಬಿಡಿಸಿ ಹೇಳಿದಳು. ಚಿಕ್ಕಬೋರಮ್ಮ ಜಗಲಿಯ ಮೇಲೆ ಕೂತು ಕೇಳಿದಳು.

"ನಂಗೆ ಬೈಯಿರಿ ಬೋರಮ್ಮ."

"ಬೈದು ಏನ್ಮಾಡಾನ? ನನ್ನ ಬುಡಿ. ಈ ಬೀದೀಲಿ ಸುಗ್ಗೀಲಿ ಇಬ್ರು ಎತ್ರು. ಒಬ್ರೂ ನನ್ನ ಕರೀನಿಲ್ಲ. ಒಬ್ಳ ಕೂಸು ಉಸ್ರು ಕಟ್ಟಿ ಓಯ್ತು. ಕಾಲು ಇಡ್ಕಂಡು ಬೆನ್ನು ತಟ್ಟಿದ್ರೆ ಅಳೋದು ಕಣವ್ವ ಅದು. ಈ ಗ್ವಾಡೆಯಾಚೆ ಕೂತ್ಕಂಡು ಕೇಳುಸ್ಕಂಡೆ." ಅವಳು ಎದ್ದಳು. "ಬನ್ನಿ. ನಂಗೆ ಯೋಳಿದ್ದ ಈ ಜನಕ್ಕೂ ಯೋಳಿ."

ಅರಳಿಕಟ್ಟೆಯ ಮುಂದೆ ಜಯಲಕ್ಷ್ಮಮ್ಮ ಹೇಳಿದಳು. ಚಿಕ್ಕಬೋರಮ್ಮನದು ತಪ್ಪಿಲ್ಲ, ಜ್ವರ ಬಂದದ್ದು ನನ್ನ ಗಂಟಲಿನಿಂದ ಎಂದಳು. ಗಂಡಸರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ಮಲ್ಲಿಗಮ್ಮನ ಅತ್ತೆ ದೊಡ್ಡತಾಯಮ್ಮ, ಆ ತಾಯಿಯಿಲ್ಲದ ಕೂಸನ್ನು ಎದೆಗವಚಿಕೊಂಡೇ ಬಂದವಳು, ಕಣ್ಣೊರೆಸಿಕೊಂಡಳು. "ಎಂತಾ ದೊಡ್ಡ ಮನಸು ನೋಡ್ರಪ್ಪ ಈ ತಾಯೀದು. ಸೂಲಗಿತ್ತಿ ಪಾಪಾನೂ ತನ್ನ ತಲೆ ಮೇಲಾಕಂತಾವ್ಳೆ." ಎಲ್ಲರೂ ಹೌದು ಹೌದು ಎಂದರು. ಒಬ್ಬರೂ ನಂಬಲಿಲ್ಲ. ಮಲ್ಲಿಗಮ್ಮನ ಹೆರಿಗೆಯಲ್ಲಿ ಚಿಕ್ಕಬೋರಮ್ಮ ಇರಲೇ ಇಲ್ಲ ಎಂಬುದು ಯಾರ ನೆನಪಿಗೂ ಬರಲಿಲ್ಲ. ದೊಡ್ಡತಾಯಮ್ಮ ಕೂಸನ್ನು ತಂದು ಡಾಕ್ಟರ ಕಾಲಿಗೆ ಅಡ್ಡ ಮಲಗಿಸಿದಳು. ಜಯಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದಳು.

ರಾಜೀನಾಮೆ ಬರೆದು ಸಾಹುಕಾರರಿಗೆ ಕೊಟ್ಟದ್ದೂ ಆಯಿತು. ಬೇರೆ ಡಾಕ್ಟರ್ ಗೊತ್ತಾಗುವವರೆಗೆ ಹೆರಿಗೆಗಳನ್ನು ಮದ್ದೂರಿನವರು ನೋಡುವುದು, ಅವಳು ಹೊರಗಿನ ಕೋಣೆಯಲ್ಲಿ ಕೂತು, ಯಾರನ್ನೂ ಮುಟ್ಟದೆ ಇರುವುದೆಂದು ನಿಶ್ಚಯವಾಯಿತು. ಚಿಕ್ಕಬೋರಮ್ಮ ಸಂಬಳಕ್ಕೆ ಬರಲು ಒಪ್ಪಲಿಲ್ಲ. ಆದರೆ ಒಂದು ಮಧ್ಯಾಹ್ನ ಬೆಳಕವಾಡಿಯ ಗಾಡಿಯೊಂದರಲ್ಲಿ ಅವಳೇ ಬಂದಿಳಿದಳು. ಗಾಡಿಯೊಳಗೆ ಹುಲ್ಲಿನ ಮೇಲೆ ನಿಂಗಯ್ಯನೆಂಬ ಒಕ್ಕಲಿಗನ ಹೆಂಡತಿ ದೇವಿರಮ್ಮ ಬಿದ್ದಿದ್ದಳು, ಎರಡು ದಿನದ ನೋವಿನಲ್ಲಿ ಮುಖ ಬೂದಿಯಾಗಿತ್ತು. ಮಗುವಿನ ಕೈ ಹೊರಗೆ ಬಂದಿತ್ತು. ಬೇರೆ ದಾರಿ ಕಾಣದೆ, ಯಾರೂ ಕರೆಯದಿದ್ದ ಚಿಕ್ಕಬೋರಮ್ಮನನ್ನು ಕೊನೆಗೆ ಕರೆದಿದ್ದರು.

"ಮದ್ದೂರು ಡಾಕ್ಟ್ರು?" ಎಂದಳು ಚಿಕ್ಕಬೋರಮ್ಮ.

"ಬೆಳಿಗ್ಗೆ ಊರಿಗೆ ಹೋದರು. ಬರೋದು ನಾಳೆ."

"ನಾಳೀಗಂಟ ಇವ್ಳು ಇರಾಕಿಲ್ಲ."

"ನಾನು ಮುಟ್ಟಿದರೆ ನಾಲ್ವರಲ್ಲಿ ಒಬ್ಬಳಿಗೆ ಆ ಜ್ವರ ಬಂದಿದೆ ಬೋರಮ್ಮ. ನಿಮಗೆ ಗೊತ್ತಲ್ಲ."

ಚಿಕ್ಕಬೋರಮ್ಮ ಗಾಡಿಯ ಕಡೆ ನೋಡಿದಳು, ಡಾಕ್ಟರ ಕಡೆ ನೋಡಿದಳು. "ಮುಟ್ಟಿದ್ರೆ ಸತ್ರೂ ಸಾಯ್ಬೈದು. ಮುಟ್ಟದಿದ್ರೆ ಸಾಯೋದು ದಿಟ. ಇಷ್ಟು ಲೆಕ್ಕ ನಂಗೂ ಬತ್ತದೆ. ಬಾಯಿ ಕಟ್ಕಂಡು ಬನ್ನಿ."

ಸುಲ್ತಾನ್ ಬೀ ಕುದಿಸಿದ ಬಟ್ಟೆಯನ್ನು ಎಂಟು ಮಡಿಕೆ ಮಾಡಿ ಅವಳ ಮೂಗು ಬಾಯಿಗೆ ಬಿಗಿದು ಕಟ್ಟಿದಳು. ಮೊಣಕೈವರೆಗೆ ರಬ್ಬರಿನ ಗವಸು. ಒಳಗೆ ಜಯಲಕ್ಷ್ಮಮ್ಮ ಒಂದಕ್ಷರವನ್ನೂ ಆಡಲಿಲ್ಲ, ಕೆಮ್ಮು ಬಂದರೆ ನುಂಗಿಕೊಂಡಳು. ಅವಳ ಕಣ್ಣು ನೋಡಿ ಚಿಕ್ಕಬೋರಮ್ಮ ಮಾತಾಡಿದಳು. "ಈಗ ಬ್ಯಾಡ ಮಗ, ತಡಕೋ. ಉಸ್ರು ಬುಡು. ಕೂಸ ತಿರುಗುಸ್ತಾವ್ರೆ, ವಸಿ ತಡಕೋ... ಈಗ ತಿಣುಕು ನನ್ನವ್ವ." ಮಗು ಕಾಲು ಮುಂದಾಗಿ ಬಂತು, ನೀಲಿಯಾಗಿತ್ತು. ಚಿಕ್ಕಬೋರಮ್ಮ ಅದರ ಕಾಲು ಹಿಡಿದು ಬೆನ್ನು ತಟ್ಟಿದಳು. ಒಂದು, ಎರಡು. ಆಮೇಲೆ ಅದು ಅತ್ತಿತು.

ಮೂರನೆಯ ದಿನ ಮಧ್ಯಾಹ್ನ ದೇವಿರಮ್ಮನಿಗೆ ಚಳಿ ಬಂತು.

ಈ ಜ್ವರಕ್ಕೆಂದು ಹೊಸದಾಗಿ ಬಂದಿದ್ದ ಸಲ್ಫಾ ಮಾತ್ರೆ ಯುದ್ಧದ ಕಾಲದಲ್ಲಿ ಸಿಗುವುದೇ ದುರ್ಲಭವಾಗಿತ್ತು. ಪ್ರೊಫೆಸರರು ಎಲ್ಲಿಂದಲೋ ಎರಡು ಸೀಸೆ ಹೊಂದಿಸಿ ಬಸ್ಸಿನಲ್ಲಿ ಕಳಿಸಿದರು. ಒಂದು ವಾರ ದೇವಿರಮ್ಮ ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡಿದಳು. ಜಯಲಕ್ಷ್ಮಮ್ಮ ಅಂಗಳದ ಕಿಟಕಿಯ ಹೊರಗೆ ನಿಂತು, ಒಳಗಿನಿಂದ ಸುಲ್ತಾನ್ ಬೀ ಬೆರಳಿನಲ್ಲಿ ತೋರಿಸುವ ಜ್ವರದ ಅಂಕಿಯನ್ನು ನೋಡುತ್ತಿದ್ದಳು. ಹತ್ತನೆಯ ದಿನ ದೇವಿರಮ್ಮ ಉಪ್ಪಿನಕಾಯಿ ಕೇಳಿದಳು. ಬದುಕಿದಳು. ಆ ಜ್ವರ ಎರಡು ದಿನದ ನೋವಿನಿಂದ ಬಂತೋ, ಎಂಟು ಮಡಿಕೆ ಬಟ್ಟೆಯ ಸಂದಿನಿಂದ ಬಂತೋ ಯಾರಿಗೂ ತಿಳಿಯಲಿಲ್ಲ. ಬೆಳಕವಾಡಿಯ ಜನ ಮಾತ್ರ ಹೇಳಿಕೊಂಡರು: ಡಾಕ್ಟ್ರವ್ವ ಉಳಿಸಿದಳು, ಸೂಲಗಿತ್ತಿ ಮುಟ್ಟಿದ್ದಕ್ಕೆ ಜ್ವರ ಬಂತು.

ಜಯಲಕ್ಷ್ಮಮ್ಮನಿಗೆ ಮೈಸೂರಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಗಾಜಿನ ತಟ್ಟೆಗಳ ಜೊತೆ, ಜನರಿಂದ ದೂರ. ಅಷ್ಟರಲ್ಲಿ ಇನ್ನೆರಡು ಸಲ ಗಂಟಲು ಒರೆಸಿ ನೋಡಿದ್ದರು. ಔಷಧದ ನೀರು ಮುಕ್ಕಳಿಸಿ ಮುಕ್ಕಳಿಸಿ ಬಾಯಿ ಹುಣ್ಣಾಗಿದ್ದರೂ ಒಂದನೇ ನಂಬರಿನ ತಟ್ಟೆಯಲ್ಲಿ ಬಳೆಗಳು ಮೂಡಿಯೇ ಇದ್ದವು.

ಅವಳು ಊರು ಬಿಟ್ಟ ದಿನ ಬಸ್ಸು ಕಿಕ್ಕಿರಿದಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಮುಂದಿನ ಹಳ್ಳಿಯಲ್ಲಿ ಒಬ್ಬ ಬಾಣಂತಿ ಹತ್ತಿದಳು, ಬೆವರಿ, ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ತಿಂಗಳು ತುಂಬದ ಕೂಸು. ಜಯಲಕ್ಷ್ಮಮ್ಮನ ಮುಖ ನೋಡಿ ಅವಳಿಗೆ ನಂಬಿಕೆ ಹುಟ್ಟಿರಬೇಕು.

"ವಸಿ ಇಡ್ಕಳಿ ಅವ್ವ, ಗಂಟು ಇಟ್ಟು ಈಸ್ಕತೀನಿ," ಎಂದು ಕೂಸನ್ನು ಚಾಚಿದಳು.

ಜಯಲಕ್ಷ್ಮಮ್ಮ ಎದ್ದು ನಿಂತಳು. ಜಾಗವನ್ನು ಕೈಯಿಂದ ತೋರಿಸಿ, ಬಾಯಿ ಮುಚ್ಚಿಕೊಂಡು, ಜನರನ್ನು ಸರಿಸುತ್ತ ಬಸ್ಸಿನ ಹಿಂಬಾಗಿಲಿನ ಬಳಿಗೆ ಹೋದಳು. "ಯಾಕವ್ವ, ಮಡಿಯಾ?" ಎಂದು ಆ ಹೆಂಗಸು ನೊಂದು ಕೇಳಿದ್ದು ಕೇಳಿಸಿತು. ಮೈಸೂರು ಬರುವವರೆಗೂ ಅವಳು ಗಾಳಿಗೆ ಮುಖವೊಡ್ಡಿ, ಬಸ್ಸಿಗೆ ಬೆನ್ನು ಮಾಡಿ ನಿಂತೇ ಇದ್ದಳು.